ನೀಲಗಂಗಾ ಅವರು ಈಗ ಬಿಡುವಾಗಿದ್ದಾರೆ

ಬೆಳಗಿನ ಎಂಟೂವರೆ. ನೀಲಗಂಗಾ ಮೆಣಸಗಿ ಅಂದಿನ ಎಪ್ಪತ್ತೊಂದನೆಯ ರೊಟ್ಟಿ ಬಡಿಯುತ್ತಿದ್ದಳು. ಅಂಗೈಯಗಲದ ಹಿಟ್ಟು ಕಲ್ಲಿನ ಮೇಲೆ ಗಿರ್ರನೆ ತಿರುಗುತ್ತ ತಟ್ಟೆಯಗಲ ಆಗುವ ಹೊತ್ತಿಗೆ ಅವಳ ಎಡಗೈಯ ಬಳೆ ಹಸಿರಾಗಿ ಮಿನುಗಿತು. ಕಿವಿಯೊಳಗಿನ ಸಣ್ಣ ಗುಂಡಿ ಬಹಳ ಸೌಜನ್ಯದಿಂದ ಹೇಳಿತು: "ಉಗ್ರಾಣದ ವಿರೂಪಾಕ್ಷ ಹೊಂಬಳ ಅವರು ಮಾತನಾಡಬಯಸುತ್ತಾರೆ. ನೀವು ಬಿಡುವಾಗಿರುವುದರಿಂದ ಜೋಡಿಸುತ್ತಿದ್ದೇನೆ."

"ನಾ ಎಲ್ಲಿ ಬಿಡುವಾಗೀನೋ ಮಾರಾಯಾ?" ಎಂದು ಅವಳು ಗೊಣಗುವಷ್ಟರಲ್ಲಿ ಕರೆ ಜೋಡಣೆಯಾಗಿಬಿಟ್ಟಿತ್ತು.

"ಅಕ್ಕಾರ, ಹಲ್ಲು ಭಾಳ ನೋಯಾಕತ್ತೈತ್ರಿ," ಎಂದ ವಿರೂಪಾಕ್ಷ. "ಲವಂಗ ಇಡ್ಲೋ, ಉಪ್ಪನೀರು ಮುಕ್ಕಳಿಸ್ಲೋ?"

"ಡಾಕ್ಟರಿಗೆ ತೋರ್ಸೋ ತಮ್ಮಾ."

"ಡಾಕ್ಟರು ಕೆಂಪದಾರ್ರಿ. ನಮ್ಮ ಸಾಹೇಬ್ರೂ ಕೆಂಪದಾರ. ನನ್ನ ಹೆಂಡ್ತಿನೂ ಕೆಂಪದಾಳ. ನೀವೊಬ್ರ ಹಸಿರದೀರಿ."

ಲವಂಗವನ್ನು ಹೇಗೆ ಜಜ್ಜಬೇಕು, ಎಷ್ಟು ಹೊತ್ತು ಇಡಬೇಕು ಎಂದು ಹೇಳಿ ಮುಗಿಸುವಾಗ ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗಿತ್ತು. ಎದುರು ಕುಳಿತು ಹಿಟ್ಟು ನಾದುತ್ತಿದ್ದ ಅವಳ ನೆಗೆಣ್ಣಿ ಸುಮಂಗಲಾ ಅದನ್ನು ಚಿಮಟಿಗೆಯಿಂದ ಎತ್ತಿ ತೋರಿಸಿದಳೇ ಹೊರತು ಮಾತನಾಡಲಿಲ್ಲ. ಅವಳು ಮಾತನಾಡದೆ ಇದ್ದರೆ ಸಿಟ್ಟು ಬಂದಿದೆ ಎಂದೇ ಅರ್ಥ.

ಆ ಕಾಲಕ್ಕೆ ಫೋನುಗಳು ಗಂಟೆ ಬಾರಿಸುವುದನ್ನು ನಿಲ್ಲಿಸಿ ಆರು ವರ್ಷವಾಗಿತ್ತು. ಯಾರು ಯಾವಾಗ ಮಾತಿಗೆ ಸಿಗುತ್ತಾರೆ ಎಂಬುದನ್ನು ಬಿಡುವುಬಳೆ ತಾನೇ ತಿಳಿಯುತ್ತಿತ್ತು. ತೊಟ್ಟವರು ಎಲ್ಲಿದ್ದಾರೆ, ಕೈ ಹೇಗೆ ಆಡುತ್ತಿದೆ, ನಾಡಿ ಎಷ್ಟು ಬಡಿಯುತ್ತಿದೆ, ಸುತ್ತಲಿನ ಸದ್ದು ಎಂಥದು ಎಂಬ ಈ ನಾಲ್ಕನ್ನು ಕೂಡಿಸಿ ಅದು 'ಸನ್ನಿವೇಶ ಮಾಹಿತಿ' ತಯಾರಿಸುತ್ತಿತ್ತು. ಆ ಮಾಹಿತಿಯನ್ನು ಒಂದು ಬಳಗದ ಎಲ್ಲರೊಡನೆ ಹಂಚಿಕೊಳ್ಳುತ್ತಿತ್ತು. ಕೆಂಪು ಎಂದರೆ ಕರೆಯಬೇಡಿ. ಹಸಿರು ಎಂದರೆ ಬಿಡುವಿದೆ. ನೀವು ಕರೆಯಬಯಸಿದವರು ಕೆಂಪಾಗಿದ್ದರೆ ಬಳೆ ಅಷ್ಟಕ್ಕೇ ಸುಮ್ಮನಾಗದೆ ಬಳಗದಲ್ಲಿ ಆ ಕ್ಷಣ ಬಿಡುವಾಗಿರುವ ಬೇರೊಬ್ಬರ ಹೆಸರನ್ನು ಸೂಚಿಸುತ್ತಿತ್ತು.

ಗದಗಿನ ಗಾಳಿವಿದ್ಯುತ್ ಸಹಕಾರ ಸಂಘ ಇದನ್ನು ತಂದದ್ದು ಸುಮ್ಮನೆ ಅಲ್ಲ. ಗುಡ್ಡದ ಸಾಲಿನ ಮೇಲೆ ನೂರು ಮೀಟರಿಗೂ ಎತ್ತರದ ಗಾಳಿಯಂತ್ರಗಳಿದ್ದವು. ಒಮ್ಮೆ ಗೋಪುರದ ಏಣಿಯ ಮೇಲಿದ್ದ ಕೆಲಸಗಾರನೊಬ್ಬ ಜೇಬಿನ ಫೋನು ಬಡಿದುಕೊಂಡಿತೆಂದು ಕೈ ಬಿಟ್ಟಿದ್ದ. ಸೊಂಟದ ಪಟ್ಟಿ ಅವನನ್ನು ಹಿಡಿದುಕೊಂಡಿತು. ಆಮೇಲೆ ಕೆಲಸಗಾರರು, ಅವರ ಮನೆಯವರು, ಉಗ್ರಾಣದವರು, ಊಟ ಕಳಿಸುವವರು ಎಲ್ಲ ಸೇರಿ ಮುನ್ನೂರ ಹನ್ನೆರಡು ಜನರ ಒಂದು ಬಳಗವಾಯಿತು. ನೀಲಗಂಗಾ ಊಟ ಕಳಿಸುವವಳು. ರೊಟ್ಟಿ ಬಡಿಯುವ ಯಂತ್ರಗಳು ಬಂದು ಎಷ್ಟೋ ವರ್ಷವಾಗಿದ್ದರೂ, ಆ ರೊಟ್ಟಿ ತಿಂದು ಗೋಪುರ ಹತ್ತಲಾರೆವು ಎಂದು ಕೆಲಸಗಾರರು ಹಟ ಹಿಡಿದಿದ್ದರು. ಹೀಗಾಗಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡಕ್ಕೆ ಹೋಗುವ ಜೀಪಿಗೆ ಇನ್ನೂರ ನಲವತ್ತು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತಯಾರಿರಬೇಕು.

ಹನ್ನೆರಡರ ಒಳಗೆ ಅವಳಿಗೆ ನಲವತ್ತು ಕರೆಗಳು ಬರುತ್ತಿದ್ದವು. ಸುರಕ್ಷತಾ ಅಧಿಕಾರಿ ತನ್ನ ಭಾಷಣ ಒಪ್ಪಿಸುತ್ತಿದ್ದ. ಜೀಪಿನ ಚಾಲಕನ ಹೆಂಡತಿ ಮೊಸರು ಯಾಕೆ ಹೆಪ್ಪಾಗಲಿಲ್ಲ ಎಂದು ಕೇಳುತ್ತಿದ್ದಳು. ಒಬ್ಬ ತರುಣ ಇಂಜಿನಿಯರ್ ಕನ್ಯೆ ನೋಡಿ ಬಂದು, ಹುಡುಗಿ ನಕ್ಕದ್ದು ಒಪ್ಪಿಗೆಯ ನಗುವೋ ಅಲ್ಲವೋ ಎಂದು ಅರ್ಧ ತಾಸು ಚರ್ಚಿಸಿದ್ದ. ಒಳ್ಳೆಯ ಮಾತುಗಳೇ. ಆದರೆ ರೊಟ್ಟಿ ಸುಡುತ್ತಿತ್ತು, ಜೀಪು ಕಾಯುತ್ತಿತ್ತು.

ಹನ್ನೊಂದು ಗಂಟೆಗೆ ಬರುತ್ತಿದ್ದ ಕರೆಯೊಂದರ ರೀತಿಯೇ ಬೇರೆ. ತಸ್ಲೀಮಾ ಎಂಬ ಬಾಣಂತಿ. ಅವಳ ಗಂಡ ದಾವಲಸಾಬ ಗೋಪುರದ ಮೇಲೆ ಕೆಲಸ ಮಾಡುವವ, ಹಗಲೆಲ್ಲ ಕೆಂಪು. ಲಿಂಗಸೂಗೂರು ಕಡೆಯಿಂದ ಬಂದ ಅವಳಿಗೆ ಗದಗಿನಲ್ಲಿ ಯಾರೂ ಇರಲಿಲ್ಲ. ತವರಿನಿಂದ ಬಂದಿದ್ದ ತಾಯಿ ನಲವತ್ತು ದಿನ ಇದ್ದು ಹೋಗಿದ್ದಳು. ಮೊದಲ ಸಲ ಕರೆದಾಗ ತಸ್ಲೀಮಾ ಏನನ್ನೂ ಕೇಳಲಿಲ್ಲ. ಹಿಂದೆ ಮಗು ಕಿರುಚುತ್ತಿತ್ತು. "ಕೆಲಸ ಮಾಡಾಕತ್ತೀರೇನ್ರಿ ಅಕ್ಕಾ?" ಎಂದಳು.

"ರೊಟ್ಟಿ ಬಡ್ಯಾಕತ್ತೀನವ್ವಾ. ಹೇಳು."

"ಏನಿಲ್ರಿ. ನೀವು ಬಡೀರಿ. ನಾ ಸುಮ್ನ ಕೇಳ್ತೀನಿ."

ನೀಲಗಂಗಾ ಬಡಿದಳು. ಐದಾರು ರೊಟ್ಟಿ ಆಗುವಷ್ಟರಲ್ಲಿ ಮಗುವಿನ ಅಳು ಬಿಕ್ಕಾಗಿ, ಬಿಕ್ಕು ನಿಂತು, ಕೊನೆಗೆ ಉಸಿರಿನ ಸದ್ದಷ್ಟೇ ಉಳಿಯಿತು. ಆ ಹಿಟ್ಟಿನ ಟಪ್ ಟಪ್ ಸದ್ದಿಗೆ ಮಗು ಮಲಗಿತ್ತು. ಅಂದಿನಿಂದ ದಿನಾ ಹನ್ನೊಂದಕ್ಕೆ ಇದೇ ನಡೆಯುತ್ತಿತ್ತು. ಒಂದು ತಾಸಿನಲ್ಲಿ ಇಬ್ಬರೂ ನಾಲ್ಕು ಮಾತು ಆಡಿದರೆ ಹೆಚ್ಚು.

ಕರಕಲು ರೊಟ್ಟಿಗಳು ದಿನಕ್ಕೆ ಹದಿನೈದಕ್ಕೇರಿದಾಗ ಸುಮಂಗಲಾ ಬಾಯಿ ತೆರೆದಳು. "ಅಕ್ಕಾ, ಒಂದೋ ಈ ಬಳಿಯೊಳಗ ಏನೋ ಕೆಟ್ಟೈತಿ, ಇಲ್ಲಾ ನೀ ದುಡಿಯೋದು ಅದಕ್ಕ ಕಾಣವಲ್ದು. ಆಫೀಸಿಗೆ ತಿಳಸು."

ನೀಲಗಂಗಾ ತಿಳಿಸಿದಳು. ನಾಲ್ಕನೆಯ ದಿನ ಬೆಳಿಗ್ಗೆ ಒಬ್ಬ ತೆಳ್ಳನೆಯ ಮನುಷ್ಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಡಾ. ತಿಲಕ್ ಸಾಲಿಯಾನ್. ಉಡುಪಿ ಕಡೆಯವನು, ಬಿಡುವುಬಳೆಯ ಸೂತ್ರಗಳನ್ನು ಬರೆದ ವಿಜ್ಞಾನಿ. ಒಂದು ತಾಸು ಮಣೆಯ ಮೇಲೆ ಕುಳಿತು ಅವಳ ಕೈಯನ್ನೇ ನೋಡಿದ. ನಡುನಡುವೆ ಮೊಣಕಾಲಿನ ಮೇಲಿದ್ದ, ಬಳೆಯ ಅಂಕಿಗಳನ್ನು ತೋರಿಸುವ ಫಲಕ ನೋಡಿಕೊಂಡ. ಆಮೇಲೆ ನಗತೊಡಗಿದ.

"ಯಾಕ್ರಿ ನಗ್ತೀರಿ?"

"ಕ್ಷಮಿಸಿ ಅಮ್ಮ. ನಿಮ್ಮ ಕೈ ಒಂದೇ ಲಯದಲ್ಲಿ ತಟ್ಟುತ್ತದೆ. ನಾಡಿ ನೋಡಿದರೆ ತುಂಬ ಶಾಂತ. ನಡುವೆ ಸಣ್ಣಗೆ ಏನೋ ಗುನುಗುತ್ತೀರಿ. ಇದನ್ನೆಲ್ಲ ಕೂಡಿಸಿ ಬಳೆ ಎಂತ ತೀರ್ಮಾನ ಮಾಡಿದೆ ಗೊತ್ತುಂಟಾ? ನೀವು ದಿನಾ ಬೆಳಿಗ್ಗೆ ಐದು ತಾಸು ಭಜನೆಯಲ್ಲಿ ತಾಳ ಹಾಕುತ್ತಾ ಕುಳಿತಿರುತ್ತೀರಂತೆ."

ಸುಮಂಗಲಾ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನಮ್ಮಕ್ಕ ಗುಡಿಗೆ ಹೋಗಿ ವರ್ಸಾತ್ರಿ!"

ಸಾಲಿಯಾನ್ ವಿವರಿಸಿದ. ಬಳೆಗೆ ಕೆಲಸವನ್ನು ಕಲಿಸಿದ್ದು ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಗೋಪುರಗಳ ಮೇಲೆ. ಅಲ್ಲಿ ಕೆಲಸ ಎಂದರೆ ನಾಡಿ ಏರುತ್ತದೆ, ಕೈ ಒಮ್ಮೆ ನಿಲ್ಲುತ್ತದೆ, ಒಮ್ಮೆ ಓಡುತ್ತದೆ. ಮೂವತ್ತು ವರ್ಷ ಒಂದೇ ಕೆಲಸ ಮಾಡಿ ಅದು ಉಸಿರಾಟದಷ್ಟು ಸಲೀಸಾದವರ ಕೈಯನ್ನು ಅದು ನೋಡಿಯೇ ಇರಲಿಲ್ಲ. ಅವನು ಫಲಕದಲ್ಲಿ ಏನನ್ನೋ ಬರೆದ, ಅವಳಿಗೆ ಇನ್ನೂ ನಾಲ್ಕು ರೊಟ್ಟಿ ಬಡಿಯಲು ಹೇಳಿದ. ಬಳೆ ಕೆಂಪಾಯಿತು.

"ಇನ್ನು ನಿಮಗೆ ಯಾರ ಉಪದ್ರವೂ ಇಲ್ಲ," ಎಂದು ಹೇಳಿ, ಎರಡು ರೊಟ್ಟಿ ತಿಂದು ಹೋದ.

ಮಾರನೆಯ ದಿನ ಒಂದೂ ರೊಟ್ಟಿ ಸುಡಲಿಲ್ಲ. ಜೀಪು ಬರುವ ಕಾಲು ತಾಸು ಮೊದಲೇ ಬುಟ್ಟಿಗಳು ತುಂಬಿದವು. ಸುಮಂಗಲಾ ಖುಷಿಯಿಂದ ಚಹಾ ಮಾಡಿದಳು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಹನ್ನೊಂದಕ್ಕೆ ನೀಲಗಂಗಾ ಕೈ ನಿಲ್ಲಿಸಿ, ಬಳೆಯ ಕಡೆ ನೋಡಿದಳು.

"ಆ ಬಾಣಂತಿ ಹುಡುಗಿ ಕರೀಲಿಲ್ಲಲಾ."

"ನೀ ಕೆಂಪದೀ. ಹೆಂಗ ಕರೀತಾಳ?"

"ಹಂಗಾರ ನಾನ ಕರೀತೀನಿ."

ಅವಳು ತಸ್ಲೀಮಾಳ ಹೆಸರು ಹೇಳಿದಳು. ಕಿವಿಯ ಗುಂಡಿ ಉತ್ತರಿಸಿತು: "ಅವರು ಬಾಣಂತಿ. ಮೂರು ತಿಂಗಳ ವಿಶ್ರಾಂತಿಯಲ್ಲಿದ್ದಾರೆ. ದಯವಿಟ್ಟು ತೊಂದರೆ ಕೊಡಬೇಡಿ."

ಇದು ಅವಳಿಗೆ ಗೊತ್ತಿರಲಿಲ್ಲ. ಬಾಣಂತಿಯರ ಬಳೆಗಳನ್ನು ಹಗಲಿರುಳು ಕೆಂಪಾಗಿಯೇ ಇಡುವಂತೆ ಸೂತ್ರವಿತ್ತು. ಅಂದರೆ ಆ ಹುಡುಗಿಯನ್ನು ಮುನ್ನೂರ ಹನ್ನೊಂದು ಜನರಲ್ಲಿ ಯಾರೂ ಕರೆಯುವಂತಿರಲಿಲ್ಲ. ಅವಳೇ ಯಾರನ್ನಾದರೂ ಕರೆಯಬೇಕು. ಹಾಗೆ ಕರೆದಾಗ ಹಗಲಿನಲ್ಲಿ ಹಸಿರಾಗಿ ಸಿಗುತ್ತಿದ್ದವಳು ನೀಲಗಂಗಾ ಒಬ್ಬಳೇ. ಈಗ ಅವಳೂ ಸಿಗುವುದಿಲ್ಲ.

ಜೀಪು ಹೋದ ಮೇಲೆ ನೀಲಗಂಗಾ ಸೀರೆ ಬದಲಿಸಿ, ನಾಲ್ಕು ರೊಟ್ಟಿ, ಒಂದು ಡಬ್ಬಿ ಹಿಟ್ಟು ಚೀಲಕ್ಕೆ ಹಾಕಿಕೊಂಡು ಹೊರಟಳು. ದಾವಲಸಾಬನ ಮನೆ ಸಂಘದ ವಸತಿಯ ಐದನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಹುಡುಗಿಗೆ ಇಪ್ಪತ್ತೆರಡು ವರ್ಷವಿರಬಹುದು. ಕಣ್ಣು ಗುಳಿಬಿದ್ದಿದ್ದವು. ಹೆಗಲ ಮೇಲೆ ಮಗು ಅತ್ತು ಅತ್ತು ಕೆಂಪೇರಿತ್ತು.

"ಯಾರ್ರಿ?"

"ರೊಟ್ಟಿಯಾಕಿ."

ತಸ್ಲೀಮಾ ಅವಳ ಮುಖವನ್ನೇ ನೋಡಿದಳು. ಆ ದನಿಗೆ ಅವಳು ಇನ್ನೇನೋ ಒಂದು ಮುಖ ಹೊಂದಿಸಿಕೊಂಡಿರಬೇಕು. "ನಿಮಗ ನನ್ನ ಕಾಟ ಬ್ಯಾಸರಾತು ಅಂತ ತಿಳ್ಕೊಂಡಿದ್ನಿರಿ. ಬಳಿ ದಿನಾ ಒಂದ ಮಾತು ಹೇಳ್ತೈತಿ. 'ಬಳಗದಲ್ಲಿ ಯಾರೂ ಬಿಡುವಾಗಿಲ್ಲ.' ಮೂರು ದಿನಾತ್ರಿ, ನಾನೂ ಮಲಗಿಲ್ಲ, ಇಕಿನೂ ಮಲಗಿಲ್ಲ. ಇವತ್ತ ಮುಂಜಾನೆ..." ಎಂದು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಮುಂಜಾನೆ ಏನಾತು?"

"ಅಳೂ ಕೂಸನ್ನ ಹಾಸಿಗಿ ಮ್ಯಾಲೆ ಒಗದಂಗ ಇಟ್ಟು, ಬಾಗಲಾ ಹಾಕ್ಕೊಂಡು ಹೊರಗ ನಿಂತಿದ್ನಿ. ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ರಿ. ನನಗ ನನ್ನ ಕೈದ ಅಂಜಿಕಿ ಬಂತು."

ನೀಲಗಂಗಾ ಒಳಗೆ ಬಂದು ಚೀಲ ಕೆಳಗಿಟ್ಟಳು. ಮಗುವನ್ನು ಎತ್ತಿಕೊಂಡು ಮೈ ಕೈ ನೋಡಿದಳು, ಅದಕ್ಕೇನೂ ಆಗಿರಲಿಲ್ಲ. ತಸ್ಲೀಮಾಳಿಗೆ ರೊಟ್ಟಿ ಹಾಲಿನಲ್ಲಿ ಮುರಿದು ತಿನ್ನಿಸಿದಳು, ನೀರು ಕಾಸಿ ಸ್ನಾನಕ್ಕೆ ಕಳಿಸಿದಳು. ಮಗುವನ್ನು ಅಡುಗೆಮನೆಯಲ್ಲಿ ಕೌದಿಯ ಮೇಲೆ ಮಲಗಿಸಿ, ಅದರ ಪಕ್ಕದಲ್ಲಿ ಕುಳಿತು ಹಿಟ್ಟು ಕಲಸಿ ಬಡಿಯತೊಡಗಿದಳು. ಮನೆಯಲ್ಲಿ ಹಂಚೂ ಇರಲಿಲ್ಲ. ಬೇಯಿಸುವ ಉದ್ದೇಶವೇ ಇಲ್ಲದೆ ಅದೇ ಹಿಟ್ಟನ್ನು ಮುದ್ದೆ ಮಾಡಿ, ಮತ್ತೆ ಬಡಿದಳು. ಮಗು ಮಲಗಿತು. ಸ್ನಾನ ಮಾಡಿ ಬಂದ ತಾಯಿ ಒದ್ದೆ ಕೂದಲಲ್ಲೇ ಗೋಡೆಗೊರಗಿ ಕುಳಿತವಳು ಹಾಗೆಯೇ ಜಾರಿ ನೆಲದ ಮೇಲೆ ನಿದ್ದೆ ಹೋದಳು.

ಸಂಜೆ ಆರಕ್ಕೆ ದಾವಲಸಾಬ ಬಂದಾಗಲೂ ಇಬ್ಬರೂ ಮಲಗಿಯೇ ಇದ್ದರು. ನೀಲಗಂಗಾ ಬಾಯಿಗೆ ಬೆರಳಿಟ್ಟು ಅವನನ್ನು ಹೊರಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. "ನನಗ ದಿನಾ 'ಎಲ್ಲಾ ಚಲೋ ಐತಿ' ಅಂತಾಳ್ರಿ ಅಕ್ಕಾರ," ಎಂದ.

"ನೀ ನಾಳಿಯಿಂದ ನಾಲ್ಕು ದಿನ ಗುಡ್ಡಾ ಹತ್ತಬ್ಯಾಡ. ಮನ್ಯಾಗಿರು. ಡಾಕ್ಟರಮ್ಮನ ಹಂತ್ಯಾಕ ಕರಕೊಂಡು ಹೋಗು. ಮುಂದಿಂದು ನಾ ನೋಡ್ತೀನಿ."

ಮನೆಗೆ ಬಂದು ಅವಳು ಸಾಲಿಯಾನನ ಹೆಸರು ಹೇಳಿದಳು. "ಅವರು ಸಭೆಯಲ್ಲಿದ್ದಾರೆ." ಊಟದ ಮೇಲೆ ಹೇಳಿದಳು. "ಅವರು ಲೆಕ್ಕ ಮಾಡುತ್ತಿದ್ದಾರೆ." ಮಾರನೆಯ ಬೆಳಿಗ್ಗೆಯೂ ಕೆಂಪೇ. ಆಗ ನೀಲಗಂಗಾಳಿಗೆ ಒಂದು ಉಪಾಯ ಹೊಳೆಯಿತು. ಬಳಗದ ಯಾರೇ ಬಳೆ ಕಳಚಿಟ್ಟು ಒಂದು ಹಗಲು ಕಳೆದರೆ ಬಳೆಯ ಉಸ್ತುವಾರಿ ನೋಡುವವರು ಮನೆಗೆ ಬಂದು ವಿಚಾರಿಸಲೇಬೇಕೆಂಬ ನಿಯಮವಿತ್ತು. ಅವಳು ಬಳೆ ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಮರುದಿನ ಒಂಬತ್ತಕ್ಕೆ ಸಾಲಿಯಾನ್ ಏದುಸಿರು ಬಿಡುತ್ತ ಬಂದ. "ಎಂತಾಯ್ತಮ್ಮ? ನಿಮಗೆ ಎಂತಾದರೂ ಆಯ್ತೋ ಅಂತ ಹೆದರಿದೆ!"

"ನನಗೇನೂ ಆಗಿಲ್ಲ. ಕುಂದರ್ರಿ. ಕೆಂಪು ತಗೀರಿ."

"ನೀವೇ ಅಲ್ಲವಾ ಕರೆ ಬೇಡ ಅಂದದ್ದು? ನಿಮಗೆ ಬಿಡುವಿಲ್ಲ ಅಂತ?"

"ನನ್ನ ಕೈಗೆ ಬಿಡುವಿಲ್ರಿ. ಕಿವಿಗೆ ಐತಿ."

ಅವನು ಮಣೆ ಎಳೆದುಕೊಂಡು ಕುಳಿತ. ಅವನ ಸೂತ್ರಗಳಲ್ಲಿ ಮನುಷ್ಯ ಎಂದರೆ ಒಂದು ಅಂಕಿ. ಬಿಡುವಿದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಪೂರ್ತಿ ಇಲ್ಲ. ಕೈಗೊಂದು, ಕಿವಿಗೊಂದು ಲೆಕ್ಕ ಇಡಬೇಕೆಂದು ಹನ್ನೊಂದು ವರ್ಷದ ಸಂಶೋಧನೆಯಲ್ಲಿ ಅವನಿಗೆ ಹೊಳೆದಿರಲಿಲ್ಲ.

ನೀಲಗಂಗಾ ತಸ್ಲೀಮಾಳ ಸಂಗತಿ ಹೇಳಿದಳು. ಎಲ್ಲ ಕೇಳಿ ಅವನು ಕೈಯಲ್ಲಿದ್ದ ಫಲಕವನ್ನು ಕೆಳಗಿಟ್ಟ.

"ಆ ಬಾಣಂತಿಯರ ಕೆಂಪು... ಅದನ್ನು ಹಾಕಿದ್ದು ನಾನೇ," ಎಂದ. "ನನ್ನ ಹೆಂಡತಿ ಹೆತ್ತಾಗ ಫೋನು ಎಡೆಬಿಡದೆ ಬರುತ್ತಿತ್ತು. ಅವಳಿಗೆ ವಿಶ್ರಾಂತಿ ಸಿಗಲಿ ಅಂತ ಮಾಡಿದ್ದು. ಒಳ್ಳೆಯದಕ್ಕೇ."

"ಒಳ್ಳೇದಕ್ಕ ಮಾಡೀರಿ, ನಾ ಇಲ್ಲಂದಿಲ್ಲ. ಆದರ ಅವರನ್ನ ಕೇಳಿದ್ರೇನು?"

"ಯಾರನ್ನು?"

"ನಿಮ್ಮ ಮನಿಯವರನ್ನ."

ಸಾಲಿಯಾನ್ ಫಲಕ ಎತ್ತಿಕೊಂಡು ಎದ್ದ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಕೇಳ್ತೇನೆ," ಎಂದಷ್ಟೇ ಅಂದ.

ಹದಿನೈದು ದಿನಗಳಲ್ಲಿ ಬಳೆಗೆ ಹೊಸ ಬಣ್ಣ ಬಂತು. ಅರಿಸಿನದ ಬಣ್ಣ. ಸೂತ್ರದಲ್ಲಿ ಅದರ ಹೆಸರು 'ಶ್ರವಣ ಬಿಡುವು'. ಬಳಗದ ಜನ 'ಕಿವಿಬಿಡುವು' ಎಂದರು. ಕರೆಯುವವರಿಗೆ ಬಳೆ ಮೊದಲೇ ಹೇಳುತ್ತಿತ್ತು: "ಅವರ ಕೈ ಕೆಲಸದಲ್ಲಿದೆ. ಕೇಳುತ್ತಾರೆ, ಉತ್ತರ ತಡವಾಗಬಹುದು." ಬಾಣಂತಿಯರ ಕೆಂಪನ್ನು ತೆಗೆದು, ತಮ್ಮ ಬಣ್ಣವನ್ನು ತಾವೇ ಆರಿಸಿಕೊಳ್ಳಲು ಬಿಟ್ಟರು. ತಸ್ಲೀಮಾ ಡಾಕ್ಟರ ಔಷಧದಿಂದಲೂ ನಿದ್ದೆಯಿಂದಲೂ ಚೇತರಿಸಿಕೊಂಡು, ಹಗಲೆಲ್ಲ ಅರಿಸಿನ ಬಣ್ಣ ಇಟ್ಟುಕೊಂಡಳು.

ಕರೆಗಳ ರೀತಿಯೇ ಬದಲಾಯಿತು. ತಡವಾದ ಉತ್ತರಕ್ಕೆ ಕಾಯಲಾರದವರು ತಾವಾಗಿ ದೂರ ಉಳಿದರು. ಉಳಿದವರು ಮಾತಿಗಿಂತ ಜೊತೆಗಾಗಿ ಕರೆಯತೊಡಗಿದರು. ಬಳಗದ ಮನೆಗಳಲ್ಲೇ ಇದ್ದ ಬೆಟಗೇರಿಯ ಮಗ್ಗದವರು, ಗುಂಡಿ ಹಚ್ಚುವ ದರ್ಜಿಗಳು, ಹೂ ಕಟ್ಟುವವರು ತಮಗೂ ಕಿವಿಬಿಡುವು ಬೇಕೆಂದು ಕೇಳಿ ಪಡೆದರು. ಒಬ್ಬರ ಮಗ್ಗದ ಸದ್ದು ಇನ್ನೊಬ್ಬರ ಕಿವಿಯಲ್ಲಿ, ಇವಳ ರೊಟ್ಟಿಯ ಸದ್ದು ಮೂರು ಮನೆಗಳಲ್ಲಿ. ಕರೆಗಳನ್ನು ಕಡಿಮೆ ಮಾಡಲೆಂದು ತಂದ ಯಂತ್ರದಿಂದ ಕರೆಗಳು ಮೂರು ಪಟ್ಟು ಉದ್ದವಾದವು. ಸಾಲಿಯಾನ್ ಆ ಅಂಕಿಗಳನ್ನು ವರದಿಯಲ್ಲಿ ಬರೆದು, ಕಾರಣದ ಜಾಗ ಖಾಲಿ ಬಿಟ್ಟ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ನೀಲಗಂಗಾ ಜ್ವರದಿಂದ ಏಳಲಾರದೆ ಹೋದಳು. ಬಳೆ ತಾನಾಗಿ ಕೆಂಪಾಯಿತು. ಬಳಗದ ಮುನ್ನೂರ ಹನ್ನೊಂದು ಕೈಗಳಲ್ಲಿ ಅದೇ ಸೂಚನೆ: "ನೀಲಗಂಗಾ ಮೆಣಸಗಿ ಅಸ್ವಸ್ಥರಾಗಿದ್ದಾರೆ. ವಿಶ್ರಾಂತಿ ಬೇಕು. ಕರೆಯಬೇಡಿ."

ಯಾರೂ ಕರೆಯಲಿಲ್ಲ. ಇನ್ನೂರ ನಲವತ್ತು ರೊಟ್ಟಿಯನ್ನು ಒಬ್ಬಳೇ ಹೇಗೆ ಬಡಿಯಲಿ ಎಂದು ಸುಮಂಗಲಾ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಉಗ್ರಾಣದ ವಿರೂಪಾಕ್ಷ ಬಂದಿದ್ದ. ಅವನ ಹಿಂದೆ ಮಗುವನ್ನು ಬಗಲಲ್ಲಿಟ್ಟುಕೊಂಡು ತಸ್ಲೀಮಾ. ಆಮೇಲೆ ಜೀಪಿನ ಚಾಲಕನ ಹೆಂಡತಿ, ಮದುವೆ ಗೊತ್ತಾದ ತರುಣ ಇಂಜಿನಿಯರ್, ಬೆಟಗೇರಿಯಿಂದ ಇಬ್ಬರು ನೇಕಾರರು. ಒಂಬತ್ತರ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಬದನೆಕಾಯಿ ಸೀಳುತ್ತಿದ್ದ, ಒಬ್ಬಳು ಶೇಂಗಾ ಹುರಿಯುತ್ತಿದ್ದಳು. ರೊಟ್ಟಿಗಳಂತೂ ಒಂದು ಉದ್ದಕ್ಕೆ, ಒಂದು ಚೌಕಕ್ಕೆ. ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ನೀಲಗಂಗಾ ಸದ್ದು ಕೇಳಿಯೇ, "ಯಾರೋ ಅದು, ಹಿಟ್ಟಿಗೆ ಪೆಟ್ಟು ಹಾಕವ್ರು? ಹಗೂರಕ ಬಡೀರಿ!" ಎಂದು ಕೂಗಿದಳು.

ಕಚೇರಿಯಲ್ಲಿ ಸಾಲಿಯಾನನ ನಕ್ಷೆಯಲ್ಲಿ ಚುಕ್ಕೆಗಳು ಒಂದೊಂದಾಗಿ ಒಂದೇ ಮನೆಯೊಳಗೆ ಸೇರುತ್ತಿದ್ದವು. ಮೂವತ್ತೆಂಟು ಬಳೆಗಳು. ಏನೋ ಅನಾಹುತವಾಗಿದೆ ಎಂದೇ ಅವನು ಗಾಡಿ ಹತ್ತಿ ಓಡಿಬಂದ. ಬಾಗಿಲಲ್ಲಿ ನಿಂತು, ಒಳಗಿನ ಗದ್ದಲ ನೋಡಿ ದಂಗಾದ.

"ಇಷ್ಟು ಜನರಿಗೆ ಇಲ್ಲಿ ಬರಲಿಕ್ಕೆ ಯಾರು ಹೇಳಿದ್ದು?" ಎಂದು ಕೇಳಿದ. "ಬಳೆ ಹೇಳಿಲ್ಲ. ಅದು ಕೆಂಪು ತೋರಿಸಿದೆ."

ತಸ್ಲೀಮಾ ಹಿಟ್ಟಿನ ಕೈಯಲ್ಲೇ ಮುಖದ ಮೇಲಿನ ಕೂದಲು ಸರಿಸಿಕೊಂಡಳು. "ಹೌದ್ರಿ, ಕೆಂಪು ತೋರಿಸ್ತು," ಎಂದಳು. "ಅದಕ್ಕ ಬಂದ್ವಿ."

ಅವನು ಅಲ್ಲೇ ನಿಂತ. ಹತ್ತಿರ ಬರಬೇಡಿ ಎಂದು ಹೇಳಲು ತಾನು ಆರಿಸಿದ ಬಣ್ಣ ಅದು. ಈ ಬಳಗದ ಜನ ಅದನ್ನು ಯಾವಾಗಿನಿಂದ ಹೀಗೆ ಓದತೊಡಗಿದರು, ಯಾರು ಯಾರಿಗೆ ಕಲಿಸಿದರು ಎಂದು ಹುಡುಕಲು ಅವನ ಫಲಕದಲ್ಲಿ ಯಾವ ಅಂಕಣವೂ ಇರಲಿಲ್ಲ.

"ದಾರ್ಯಾಗ ನಿಂದರಬ್ಯಾಡ್ರಿ ಡಾಕ್ಟರ," ಎಂದು ಸುಮಂಗಲಾ ಅವನ ಕೈಗೆ ಒಂದು ಮುದ್ದೆ ಹಿಟ್ಟು ಕೊಟ್ಟಳು. "ಇನ್ನೂ ತೊಂಬತ್ತು ರೊಟ್ಟಿ ಅದಾವ. ಜೀಪು ಬರೂ ಹೊತ್ತಾತು."

ಸಾಲಿಯಾನ್ ಫಲಕವನ್ನು ಗೋಡೆಗೆ ಒರಗಿಸಿಟ್ಟು, ಕೈ ತೊಳೆದು ಬಂದು ತಸ್ಲೀಮಾಳ ಪಕ್ಕದ ಕಲ್ಲಿನ ಮುಂದೆ ಕುಳಿತ.